ಎರಡು ಅರ್ಧ ಹಾಜರಿ

ಬ್ರಹ್ಮಾವರದಲ್ಲಿ ನಡೆದ ಆ ಕಾರ್ಯಾಗಾರಕ್ಕೆ ನಾನು ಮನಸ್ಸಿದ್ದು ಹೋದವಳಲ್ಲ. ಕಾಲೇಜಿನಿಂದ ಯಾರಾದರೂ ಹೋಗಲೇಬೇಕಿತ್ತು, ನನ್ನ ಮನೆ ಅಲ್ಲೇ ಹತ್ತಿರ ಎಂಬ ಒಂದೇ ಕಾರಣಕ್ಕೆ ಪ್ರಾಂಶುಪಾಲರು ನನ್ನ ಹೆಸರು ಬರೆದು ಕಳಿಸಿದ್ದರು. ವಿಷಯ, 'ವಿದ್ಯಾರ್ಥಿಗಳ ಅಗತ್ಯಗಳನ್ನು ಅರಿತು ಬೋಧಿಸುವುದು'. ಪಾಠ ಮಾಡಲು ಬಂದವರು ನನಗಿಂತ ಹತ್ತು ವರ್ಷವಾದರೂ ಚಿಕ್ಕವರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಕೆಂಪು ದೀಪದ ಕಡ್ಡಿ, ಪರದೆಯ ಮೇಲೆ ಒಂದು ತ್ರಿಕೋನ. ಆ ತ್ರಿಕೋನದ ಬುಡದಿಂದ ತುದಿಯವರೆಗೆ ವಿದ್ಯಾರ್ಥಿಯ ಅಗತ್ಯಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕೂರಿಸಿದ್ದರು. ಸಮುದ್ರ ತೀರದಲ್ಲಿ ಹುಟ್ಟಿ ಬೆಳೆದ ಒಂದು ಹೆಣ್ಣು ಮಗುವನ್ನೂ ಆ ಮೆಟ್ಟಿಲುಗಳ ಮೇಲೆ ನಾನು ಕಾಣಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. 'ನಿಮ್ಮ ವಿದ್ಯಾರ್ಥಿಗೆ ಏನು ಬೇಕು?' ಎಂಬ ಪ್ರಶ್ನೆ ಮೇಲೆ, ಕೆಳಗೆ ಹತ್ತು ಗೆರೆ. ನನ್ನ ಪಕ್ಕದಲ್ಲಿದ್ದ ವಾಣಿಜ್ಯದ ಮೇಷ್ಟ್ರು ಐದು ನಿಮಿಷದಲ್ಲಿ ಹತ್ತೂ ಗೆರೆ ತುಂಬಿಸಿ ಕೈಕಟ್ಟಿ ಕೂತರು. ಪ್ರೋತ್ಸಾಹ, ಸ್ಫೂರ್ತಿ, ಒಳ್ಳೆಯ ವಾತಾವರಣ, ಇನ್ನೂ ಏನೇನೋ. ನಾನು ಒಂದಕ್ಷರ ಬರೆಯಲಿಲ್ಲ. ಸಂಜೆ ಹಾಳೆ ಒಟ್ಟುಮಾಡಲು ಬಂದ ಆ ಯುವಕರು ನನ್ನ ಖಾಲಿ ಹಾಳೆಯನ್ನು ತಿರುವಿ ಮುರುವಿ ನೋಡಿ, "ಯಾಕೆ ಮೇಡಂ, ಪ್ರಶ್ನೆ ಅರ್ಥವಾಗಲಿಲ್ಲವಾ?" ಎಂದು ಕೇಳಿದರು. ಅವರ ನಗು ನೋಡಿ ನನಗೆ ಮೈಯೆಲ್ಲ ಉರಿಯಿತು. ಅರ್ಥವಾಗಿದೆ, ಅದಕ್ಕೇ ಬರೆದಿಲ್ಲ ಎಂದೆ. ಅವರು ನನ್ನನ್ನು ಸೊಕ್ಕಿನ ಹೆಂಗಸು ಎಂದುಕೊಂಡಿರಬೇಕು. ತಪ್ಪೇನಿಲ್ಲ, ಕುಂದಾಪುರದ ನನ್ನ ಕಾಲೇಜಿನಲ್ಲಿ ಹದಿನೈದು ವರ್ಷಗಳಿಂದ ಎಲ್ಲರೂ ಹಾಗೇ ಅಂದುಕೊಂಡಿದ್ದರು.

ನಾನು ಆ ಕಾಲೇಜಿಗೆ ಅರ್ಥಶಾಸ್ತ್ರದ ಉಪನ್ಯಾಸಕಿಯಾಗಿ ಸೇರಿದ್ದು 1997ರಲ್ಲಿ. ಸೇರಿದ ಮೊದಲ ದಿನವೇ ಹಾಜರಿ ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಹಾಕಿದೆ. ಆ ಪುಸ್ತಕದ ಮೇಲೆ ನನಗಿದ್ದಷ್ಟು ನಂಬಿಕೆ ಮನುಷ್ಯರ ಮೇಲೆ ಇರಲಿಲ್ಲ. ಒಂಬತ್ತೂವರೆಗೆ ಗಂಟೆ ಬಾರಿಸಿದರೆ ಒಂಬತ್ತು ಮೂವತ್ತೆರಡಕ್ಕೆ ನನ್ನ ತರಗತಿಯ ಬಾಗಿಲು ಮುಚ್ಚುತ್ತಿತ್ತು. ಬಸ್ಸು ಕೈಕೊಟ್ಟಿತು, ಮನೆಯಲ್ಲಿ ನೆಂಟರು ಬಂದಿದ್ದರು ಎಂಬ ಮಾತೆಲ್ಲ ಬಾಗಿಲ ಆಚೆಗೆ. ಹಾಜರಿ ಕರೆಯುವಾಗ ಒಬ್ಬರ ಬದಲು ಇನ್ನೊಬ್ಬರು 'ಪ್ರೆಸೆಂಟ್ ಮೇಡಂ' ಎನ್ನುವ ಆಟ ಎಲ್ಲ ಕಾಲೇಜಿನಲ್ಲೂ ಇದೆ. ನನ್ನ ತರಗತಿಯಲ್ಲಿ ಅದು ನಡೆಯಬಾರದು ಎಂದು ನಾನು ನಂಬರುಗಳನ್ನು ಸಾಲಾಗಿ ಕರೆಯುತ್ತಲೇ ಇರಲಿಲ್ಲ. ನಲವತ್ತು, ಏಳು, ಇಪ್ಪತ್ತೊಂದು, ಹೀಗೆ ಎಲ್ಲೆಲ್ಲಿಂದಲೋ ಕರೆದು, ಪ್ರತಿಸಲ ತಲೆಯೆತ್ತಿ ನೋಡುತ್ತಿದ್ದೆ. ಹುಡುಗರು ನನಗೆ 'ಚೆಕ್‌ಪೋಸ್ಟ್' ಎಂದು ಹೆಸರಿಟ್ಟಿದ್ದರು. ಅದು ನನ್ನ ಕಿವಿಗೂ ಬಿದ್ದಿತ್ತು, ಬಿದ್ದಾಗ ನಿಜವಾಗಿ ಹೆಮ್ಮೆಯೇ ಆಗಿತ್ತು.

ನಮ್ಮ ಸ್ಟಾಫ್ ರೂಮಿನಲ್ಲಿ ನನ್ನ ಎದುರಿನ ಮೇಜಿನ ಇತಿಹಾಸದ ಹಿರಿಯ ಮೇಷ್ಟ್ರು ಇದಕ್ಕೆ ಪೂರ್ತಿ ವಿರುದ್ಧ. ಅವರು ಹಾಜರಿ ಕರೆಯುವಾಗ ಪುಸ್ತಕದಿಂದ ತಲೆಯನ್ನೇ ಎತ್ತುವುದಿಲ್ಲ. ದನಿ ಬಂತು, ಟಿಕ್ ಹಾಕಿದರು, ಮುಗಿಯಿತು. ಮಕ್ಕಳು ಅವರನ್ನು ಕಂಡರೆ ಓಡಿ ಬಂದು ಚೀಲ ಹಿಡಿದುಕೊಳ್ಳುತ್ತಿದ್ದರು. ನನ್ನನ್ನು ಕಂಡರೆ ಜಗಲಿ ಬದಲಾಯಿಸುತ್ತಿದ್ದರು. ಅವರ ಬಗ್ಗೆ ನನಗೆ ಮರ್ಯಾದೆ ಇರಲಿಲ್ಲ. ಸಂಬಳ ತಿಂದು ಸುಳ್ಳು ಬರೆಯುವ ಮನುಷ್ಯ ಎಂದೇ ಎಣಿಸಿದ್ದೆ.

ಸೇರಿ ನಾಲ್ಕು ವರ್ಷವಾಗಿತ್ತು. ಅಂತಿಮ ಬಿ.ಎ. ತರಗತಿಯಲ್ಲಿ ಅರುವತ್ತಕ್ಕೂ ಮಿಕ್ಕಿ ಮಕ್ಕಳು. ನವೆಂಬರಿನ ಒಂದು ಬೆಳಿಗ್ಗೆ ನಿರುದ್ಯೋಗದ ಪಾಠ ಮಾಡುತ್ತಿದ್ದೆ. ವಿವರಣೆ ಮುಗಿಸಿ, ವ್ಯಾಖ್ಯೆಯನ್ನು ಬರೆಸುತ್ತಾ ಬೆಂಚುಗಳ ನಡುವೆ ಹಿಂದಕ್ಕೆ ನಡೆದೆ. ಬರೆಸುವಾಗ ನಡೆಯುವುದು ನನ್ನ ಅಭ್ಯಾಸ, ಹಿಂದಿನ ಬೆಂಚಿನವರು ಏನು ಮಾಡುತ್ತಿದ್ದಾರೆ ಎಂಬುದು ಹಾಗೇ ತಿಳಿಯುವುದು. "ಮರೆಮಾಚಿದ ನಿರುದ್ಯೋಗ ಎಂದರೆ ಒಂದು ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚು ಜನ ಅದರಲ್ಲಿ ತೊಡಗಿರುವುದು. ಇವರಲ್ಲಿ ಒಬ್ಬರನ್ನು ತೆಗೆದರೂ..." ಎನ್ನುವಷ್ಟರಲ್ಲಿ ಕೊನೆಯ ಬೆಂಚಿನ ಕಿಟಕಿ ಬದಿಯ ಹುಡುಗಿಯ ಪುಸ್ತಕ ನನ್ನ ಕಣ್ಣಿಗೆ ಬಿತ್ತು. ಅವಳು ಬರೆಯುತ್ತಿದ್ದ ಹಾಳೆಯ ಕೆಳಗೆ ನೀಲಿ ಕಾರ್ಬನ್ ಕಾಗದ ಇಣುಕುತ್ತಿತ್ತು. ಅದರ ಕೆಳಗೆ ಇನ್ನೊಂದು ಬಿಳಿ ಹಾಳೆ.

ಪುಸ್ತಕವನ್ನು ಸರಕ್ಕನೆ ಎಳೆದೆ. ಅವಳ ಪೆನ್ನು ಹಾಳೆಯ ಮೇಲೆ ಉದ್ದಕ್ಕೆ ಗೀಚಿಕೊಂಡು ಹೋಯಿತು. ಅವಳ ಬೆರಳ ತುದಿಗಳು ಕಪ್ಪಾಗಿದ್ದವು, ಕಾರ್ಬನ್ ಮಸಿ ಎಂದುಕೊಂಡೆ.

"ಇದು ಎಂತ ವ್ಯಾಪಾರ? ಯಾರಿಗೆ ಈ ನಕಲು?"

ಅವಳು ಎದ್ದು ನಿಂತಳು. "ಅಕ್ಕಂಗೆ ಮೇಡಂ."

"ನಿನ್ನ ಅಕ್ಕ ಯಾವ ಕಾಲೇಜು?"

"ಇದೇ ಕ್ಲಾಸ್ ಮೇಡಂ. ಮೂವತ್ತೊಂದ್ ನಂಬರ್. ನಂದ್ ಮೂವತ್ತೆರಡ್."

ಕೈಯಲ್ಲಿದ್ದ ಹಾಜರಿ ಪುಸ್ತಕ ತೆರೆದೆ. ಆ ದಿನ ಮೂವತ್ತೊಂದರ ಎದುರು ಟಿಕ್ ಇತ್ತು. ಅರ್ಧ ಗಂಟೆಯ ಹಿಂದೆ ಅದೇ ಬೆಂಚಿನಿಂದ ಯಾವುದೋ ದನಿ ಬಂದಿತ್ತು, ನಾನು ತಲೆಯೆತ್ತಿ ನೋಡಿಯೂ ಇದ್ದೆ. ಒಬ್ಬಳು ಹುಡುಗಿ ಅಲ್ಲಿ ಇದ್ದಳಲ್ಲ, ಸಾಕು ಅಂದುಕೊಂಡಿರಬೇಕು. ನಿಜ ಹೇಳುತ್ತೇನೆ, ಜೂನ್ ತಿಂಗಳಿನಿಂದ ಆ ದಿನದವರೆಗೆ ನನಗೆ ಆ ಬೆಂಚಿನಲ್ಲಿ ಎರಡು ಬೇರೆ ಹುಡುಗಿಯರು ಕೂರುತ್ತಾರೆ ಎಂದೇ ಗೊತ್ತಿರಲಿಲ್ಲ. ಅದೇ ಮೂಗು, ಅದೇ ಎಣ್ಣೆ ಹಾಕಿ ಬಿಗಿದ ಜಡೆ, ಅದೇ ಹಸಿರು ಚೂಡಿದಾರ. ಚೆಕ್‌ಪೋಸ್ಟಿನ ಕಣ್ಣು ಅಷ್ಟು ಚುರುಕು!

"ಅಕ್ಕ ಎಲ್ಲಿ?"

"ಇವತ್ತ್ ಬರ್ಲಿಲ್ಲೆ. ನಾಳೆ ಅಕ್ಕ ಬಪ್ಪುದ್, ಮೇಡಂ."

"ನೀನು?"

"ನಾಳೆ ನಾನ್ ಬಪ್ಪುದಿಲ್ಲೆ."

ತರಗತಿಯಲ್ಲಿ ಯಾರೋ ಕಿಸಕ್ಕೆಂದರು. ಅವಳು ನಗಲಿಲ್ಲ, ಆದರೆ ಆ ಉತ್ತರದಲ್ಲಿ ಚೂರೂ ಹೆದರಿಕೆ ಇರಲಿಲ್ಲ. ನನ್ನ ಪಿತ್ತ ನೆತ್ತಿಗೇರಿತು. ಆ ನೀಲಿ ಕಾಗದವನ್ನು ಎಳೆದು ನಾಲ್ಕು ಚೂರು ಮಾಡಿ ಕಿಟಕಿಯಿಂದ ಆಚೆ ಎಸೆದೆ. ಇನ್ನು ಮೇಲೆ ನನ್ನ ತರಗತಿಯಲ್ಲಿ ಕಾರ್ಬನ್ ಕಂಡರೆ ಪುಸ್ತಕವನ್ನೇ ಎಸೆಯುತ್ತೇನೆ ಎಂದೆ. ಅವಳನ್ನು ಹೊರಗೆ ಕಳಿಸಿದೆ. ಬಾಕಿ ಉಳಿದ ವಾಕ್ಯವನ್ನು ಬರೆಸಲಿಲ್ಲ, ನಾನೂ ಹೊರಟು ಹೋದೆ. ಮರುದಿನ ಮುಂದಿನ ಅಧ್ಯಾಯ ಶುರು ಮಾಡಿದೆ, ಏಕೆಂದರೆ ಮುಗಿದ ಪಾಠಕ್ಕೆ ಹಿಂದಿರುಗುವ ಪದ್ಧತಿಯೂ ನನ್ನಲ್ಲಿ ಇರಲಿಲ್ಲ.

ಮರುದಿನ ಅಕ್ಕ ಬಂದಿದ್ದಳು. ತಂಗಿ ಬಂದಿರಲಿಲ್ಲ. ಅದರ ಮಾರನೆಯ ದಿನ ತಂಗಿ. ಒಂದು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ, ಲೆಕ್ಕ ತಪ್ಪಲಿಲ್ಲ. ಆಮೇಲೆ ಒಂದು ಸಂಜೆ ಸ್ಟಾಫ್ ರೂಮಿನಲ್ಲಿ ಕೂತು ಜೂನ್ ತಿಂಗಳಿನಿಂದಲೂ ಹಾಜರಿ ಪುಸ್ತಕ ತಿದ್ದಿದೆ. ಯಾವ ದಿನ ಯಾರು ಬಂದಿದ್ದರು ಎಂದು ದೇವರಾಣೆಗೂ ನನಗೆ ಗೊತ್ತಿರಲಿಲ್ಲ. ಒಂದು ದಿನ ಇವಳು, ಒಂದು ದಿನ ಅವಳು ಎಂದು ಎರಡೂ ನಂಬರಿಗೆ ದಿನ ಬಿಟ್ಟು ದಿನ ಕೆಂಪು ಶಾಯಿಯಲ್ಲಿ 'ಗೈರು' ಎಂದು ಬರೆದು, ಪ್ರತಿ ತಿದ್ದುಪಡಿಯ ಪಕ್ಕ ಸಹಿ ಹಾಕಿದೆ.

ಎದುರಿನ ಮೇಜಿನ ಹಿರಿಯರು ಕನ್ನಡಕ ತೆಗೆದು ಒರೆಸುತ್ತಾ ನೋಡುತ್ತಿದ್ದರು.

"ಎಂತಕ್ಕೆ ಮೇಡಂ ಇಷ್ಟ್ ತಲೆಬಿಸಿ? ಆ ಮಕ್ಳ್ ಎರಡ್ ವರ್ಷದಿಂದ ಹಾಂಗೇ ಬಪ್ಪುದ್."

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತ್. ಕಾಲೇಜಿಗೇ ಗೊತ್ತಿತ್ತ್. ಎಂತಕ್ಕೆ ಹಾಂಗ್ ಬತ್ತ್ರ್ ಅಂದೇಳಿ ಒಂದ್ ಸಲ ಆದ್ರೂ ಕೇಂಡ್ರ್ಯಾ ನೀವ್?"

"ಅದು ನನ್ನ ಕೆಲಸ ಅಲ್ಲ" ಎಂದೆ. "ಬಂದರೆ ಟಿಕ್, ಬರದಿದ್ದರೆ ಗೈರು. ನನ್ನ ಕೆಲಸ ಅಷ್ಟೆ. ನಿಮ್ಮ ಹಾಗೆ ಧರ್ಮಕ್ಕೆ ಹಾಜರಿ ಹಂಚುವುದಕ್ಕೆ ಇದು ಅನ್ನಛತ್ರ ಅಲ್ಲ."

ಅವರು ಕನ್ನಡಕ ಹಾಕಿಕೊಂಡು ಎದ್ದು ಹೋದರು. ಆ ಮೇಲೆ ಅವರು ನಿವೃತ್ತರಾಗುವವರೆಗೆ ನಾವಿಬ್ಬರೂ ಅಗತ್ಯಕ್ಕಿಂತ ಒಂದು ಮಾತು ಹೆಚ್ಚು ಆಡಲಿಲ್ಲ.

ತರಗತಿಗೂ ಸುದ್ದಿ ಹೋಯಿತು. ಮರುದಿನ ಹಾಜರಿ ಕರೆದರೆ ಒಬ್ಬರೂ ಬಾಯಿ ಬಿಡಲಿಲ್ಲ. ಅರುವತ್ತು ಮಕ್ಕಳು ನನ್ನ ಮುಖವನ್ನೇ ನೋಡುತ್ತಾ ಕೂತಿದ್ದರು. ನಾನೂ ಬಿಡಲಿಲ್ಲ, ಎಲ್ಲರಿಗೂ ಗೈರು ಹಾಕಿದೆ. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಕರಿಹಲಗೆಯ ಮೇಲೆ ಯಾರೋ ದೊಡ್ಡದಾಗಿ ಒಂದು ಗೇಟಿನ ಚಿತ್ರ ಬರೆದು, ಗೇಟಿನ ಆಚೆ ಜಡೆಯ ಎರಡು ಗೊಂಬೆ ನಿಲ್ಲಿಸಿದ್ದರು. ಅದನ್ನು ಒರೆಸದೆ ಅದರ ಪಕ್ಕದಲ್ಲೇ ಪಾಠ ಬರೆದೆ. ಪ್ರಾಂಶುಪಾಲರು ಕರೆಸಿ, ಸ್ವಲ್ಪ ಹೊಂದಿಸಿಕೊಂಡು ಹೋಗಿ ಎಂದರು. ಹೊಂದಿಸಬೇಕಾದರೆ ಅದನ್ನು ಬರವಣಿಗೆಯಲ್ಲಿ ಕೊಡಿ ಎಂದೆ. ಅವರು ಕೊಡಲಿಲ್ಲ, ನಾನೇ ಒಂದು ಪತ್ರ ಬರೆದು ಅವರ ಮೇಜಿನ ಮೇಲಿಟ್ಟೆ. ಯಾರ ಹಾಜರಿಯನ್ನೂ ಯಾವ ಕಾರಣಕ್ಕೂ ಹೆಚ್ಚಿಸಬಾರದು ಎಂದು ಆ ಪತ್ರದಲ್ಲಿತ್ತು. ಅದರ ಒಂದು ಪ್ರತಿಯನ್ನು ಆಡಳಿತ ಮಂಡಳಿಗೂ ಕಳಿಸಿದೆ. ಇನ್ನು ಯಾರೂ ನನ್ನನ್ನು ಅಲುಗಾಡಿಸಲಾರರು ಎಂದು ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಫೆಬ್ರವರಿಯಲ್ಲಿ ಹಾಜರಿ ಕೊರತೆಯ ಪಟ್ಟಿ ಹೊರಬಂತು. ನೂರಕ್ಕೆ ಎಪ್ಪತ್ತೈದು ಇಲ್ಲದವರಿಗೆ ಪರೀಕ್ಷೆಯ ಪ್ರವೇಶ ಪತ್ರ ಇಲ್ಲ. ಮೂವತ್ತೊಂದು, ಮೂವತ್ತೆರಡು ಎರಡೂ ಪಟ್ಟಿಯಲ್ಲಿದ್ದವು. ಇಬ್ಬರದೂ ಸುಮಾರು ಐವತ್ತು.

ಪಟ್ಟಿ ಹಾಕಿದ ಮರುದಿನ ಸಂಜೆ ಇಬ್ಬರೂ ಸ್ಟಾಫ್ ರೂಮಿಗೆ ಬಂದರು. ಅವರನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು. ಅಕ್ಕ ಸ್ವಲ್ಪ ಎತ್ತರ, ಹುಬ್ಬಿನ ಮೇಲೆ ಒಂದು ಸಣ್ಣ ಗಾಯದ ಗುರುತು. ಪಕ್ಕಪಕ್ಕ ನಿಲ್ಲಿಸಿದರೆ ಯಾರೂ ಒಬ್ಬಳೆಂದು ತಪ್ಪು ತಿಳಿಯುವಂತಿರಲಿಲ್ಲ.

ಅಕ್ಕನೇ ಮಾತಾಡಿದ್ದು. ಬೇಡಿಕೊಳ್ಳುವ ದನಿಯಲ್ಲ, ಪೇಟೆಯಲ್ಲಿ ಮೀನಿನ ರೇಟು ಹೇಳುವಷ್ಟು ನೇರ.

"ಮೇಡಂ, ನಂದ್ ಅರ್ಧ ಇತ್ತ್, ಇವ್ಳದ್ ಅರ್ಧ ಇತ್ತ್. ಎರಡೂ ಒಟ್ಟ್ ಮಾಡಿರೆ ಒಬ್ಳಿಗೆ ಪೂರ್ತಿ ಆತ್ತಲ್ದಾ? ನಂದ್ ಇವ್ಳಿಗೆ ಹಾಕಿ. ಇವ್ಳ್ ಪರೀಕ್ಷೆ ಬರೀಲಿ."

"ನಂಗೆ ಬ್ಯಾಡ" ಎಂದಳು ತಂಗಿ ಗೋಡೆ ನೋಡುತ್ತಾ.

"ನೀನ್ ಸುಮ್ನಿರ್" ಎಂದಳು ಅಕ್ಕ.

ಇದೆಂಥ ಮಾತು, ಹಾಜರಿ ಎಂದರೆ ಅಕ್ಕಿಯಾ ಅಳೆದು ಅವರ ಡಬ್ಬಿಯಿಂದ ಇವರ ಡಬ್ಬಿಗೆ ಸುರಿಯುವುದಕ್ಕೆ ಎಂದು ಗದರಿದೆ. ಇಬ್ಬರೂ ದಿನಾ ಬಂದಿದ್ದರೆ ಈ ಅವಸ್ಥೆ ಇರುತ್ತಿತ್ತಾ ಎಂದೆ. ಆಗ ಅವಳು ಹೇಳಿದಳು. ಅವರ ಮನೆ ಬಿಜೂರು, ವರ್ಷದ ಅಂತರದ ಇಬ್ಬರನ್ನೂ ಶಾಲೆಗೆ ಒಟ್ಟಿಗೇ ಸೇರಿಸಿದ್ದರು. ಅಪ್ಪ ಮೀನಿನ ಬೋಟಿಗೆ ಹೋಗುವವರು, ಮನೆಯಲ್ಲಿರುವ ದಿನ ಕಡಿಮೆ. ಅಮ್ಮ ಗೇರುಬೀಜದ ಫ್ಯಾಕ್ಟರಿಯಲ್ಲಿ ಬೀಜ ಒಡೆಯುತ್ತಿದ್ದರು. ಎರಡು ವರ್ಷದ ಹಿಂದೆ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಸೊಂಟ ಹೋಗಿ, ಕೂರಲಾಗುವುದಿಲ್ಲ. ಫ್ಯಾಕ್ಟರಿಯ ಆ ಜಾಗಕ್ಕೆ ದಿನಾ ಒಬ್ಬರು ಹೋಗಿ ಕೂತರೆ ಜಾಗ ಉಳಿಯುತ್ತದೆ, ಖಾಲಿ ಬಿಟ್ಟರೆ ಬೇರೆಯವರಿಗೆ ಹೋಗುತ್ತದೆ. ಹಾಗಾಗಿ ಒಂದು ದಿನ ಇವಳು, ಒಂದು ದಿನ ಅವಳು.

"ಅಲ್ಲಿ ನಾವ್ ಇಬ್ರ್ ಸೇರಿ ಒಬ್ರ್, ಮೇಡಂ. ಅಮ್ಮನ ಹೆಸ್ರಿಗೆ. ಇಲ್ಲೂ ಹಾಂಗೇ ಮಾಡ್ಕಣಿ, ನಾವ್ ಇಬ್ರ್ ಸೇರಿ ಒಬ್ಳ್."

ನನಗೆ ಇದು ಕಟ್ಟುಕಥೆ ಎಂದೇ ಅನ್ನಿಸಿತು. ಯಾವ ಫ್ಯಾಕ್ಟರಿ ಹೀಗೆಲ್ಲ ಒಪ್ಪುತ್ತದೆ? ಅಮ್ಮನನ್ನು ಕರೆದುಕೊಂಡು ಬಾ ಎಂದೆ. ಕೂರಲಾಗದವರು ಬಸ್ಸಿನಲ್ಲಿ ಹ್ಯಾಂಗ್ ಬಪ್ಪುದ್ ಎಂದಳು ತಂಗಿ, ಮೊದಲ ಸಲ ನನ್ನ ಕಣ್ಣನ್ನು ನೇರ ನೋಡಿ. ಅಷ್ಟು ದ್ವೇಷದಿಂದ ನನ್ನನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ.

ಮರುದಿನ ರಜೆ ಹಾಕಿ ಬಿಜೂರಿಗೆ ಹೊರಟೆ. ಮರುಕದಿಂದ ಹೋದೆ ಎಂದು ಯಾರೂ ತಿಳಿಯಬೇಡಿ. ಸುಳ್ಳನ್ನು ಸಾಕ್ಷಿ ಸಮೇತ ಹಿಡಿಯಲು ಹೋದದ್ದು. ಬ್ರಹ್ಮಾವರದಿಂದ ಕುಂದಾಪುರ, ಅಲ್ಲಿಂದ ಬೈಂದೂರಿನ ಬಸ್ಸು. ಬೆಳಗಿನ ಎಂಟು ಗಂಟೆಗೆ ಮೊದಲು ಫ್ಯಾಕ್ಟರಿಯ ಗೇಟಿನಲ್ಲಿದ್ದೆ. ನನ್ನ ವಿದ್ಯಾರ್ಥಿಯೊಬ್ಬರು ಇಲ್ಲಿ ಕೆಲಸ ಮಾಡುತ್ತಾರಂತೆ, ನೋಡಬೇಕು ಎಂದಾಗ ಹಾಜರಿ ಬರೆಯುವ ರೈಟರು ಒಳಗೆ ಕರೆದರು. ಅವರ ಕೈಯಲ್ಲೂ ಒಂದು ಪುಸ್ತಕ, ಅದಕ್ಕೂ ಕಂದು ಹೊದಿಕೆ.

ಉದ್ದನೆಯ ಶೆಡ್ಡು. ಸುಟ್ಟ ಬೀಜದ ವಾಸನೆ ಗಂಟಲಿಗೆ ಕಚ್ಚುತ್ತಿತ್ತು. ಹೆಂಗಸರು ಸಾಲಾಗಿ ಕೂತು ಕೈಗೆ ಬೂದಿ ಸವರಿಕೊಳ್ಳುತ್ತಿದ್ದರು, ಬೀಜದ ಎಣ್ಣೆ ತಾಗಿದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ಕಾರ್ಬನ್ ಮಸಿ ಎಂದು ನಾನು ತಿಳಿದಿದ್ದ ಆ ಬೆರಳಿನ ಕಪ್ಪು ಅಲ್ಲಿ ಎಲ್ಲರ ಕೈಯಲ್ಲೂ ಇತ್ತು. ರೈಟರು ಹೆಸರು ಕರೆಯಲು ಶುರು ಮಾಡಿದರು. ಒಂದು ಹೆಸರಿಗೆ ಮೂರನೆಯ ಸಾಲಿನಿಂದ "ಇದ್ದೆ" ಎಂದು ಉತ್ತರ ಬಂತು. ಹುಬ್ಬಿನ ಮೇಲೆ ಗಾಯದ ಗುರುತಿದ್ದ ಆ ಅಕ್ಕ. ರೈಟರು ತಲೆಯೆತ್ತಿ ಅವಳನ್ನು ನೋಡಿದರು, ಟಿಕ್ ಹಾಕಿದರು.

"ಅದು ಆ ಹೆಂಗಸಲ್ಲ, ಅವಳ ಮಗಳು. ನಿಮಗೆ ಗೊತ್ತುಂಟಾ?" ಎಂದು ಕೇಳಿದೆ.

"ಗೊತ್ತಿಲ್ದೆ ಎಂತ ಮೇಡಂ. ಬೀಜ ಒಡೆಯೂಕೆ ಎರಡ್ ಕೈ ಬೇಕ್, ಅಷ್ಟೆ. ಇವತ್ತ್ ಯಾರ್ ಕೈ ಅಂದೇಳಿ ನಾನ್ ಕೇಂತಿಲ್ಲೆ. ಆ ಮನಿಗೆ ಜಾಗ ಬೇಕಿತ್ತ್, ನಮ್ಗೆ ಕೆಲ್ಸ ಬೇಕಿತ್ತ್."

ಫ್ಯಾಕ್ಟರಿಯವರು ಧರ್ಮಾತ್ಮರು ಎಂದು ನಾನು ಹೇಳುತ್ತಿಲ್ಲ. ಅವರಿಗೆ ಬೇಕಾದ್ದು ಕೆಲಸ. ಆದರೂ ಆ ಹೆಣ್ಣುಮಕ್ಕಳ ಮನೆಯಲ್ಲಿ ಏನಾಗಿದೆ ಎಂಬುದು ಅರ್ಥಶಾಸ್ತ್ರದ ಚಿನ್ನದ ಪದಕ ಪಡೆದ ನನಗಿಂತ ಮೊದಲು ಆ ರೈಟರಿಗೆ ಗೊತ್ತಿತ್ತು. ನನಗೆ ಅಲ್ಲೇ ನಾಚಿಕೆಯಾಯಿತು, ನಾಚಿಕೆಯಾಗಿದ್ದಕ್ಕೆ ಮತ್ತೆ ಸಿಟ್ಟು ಬಂತು.

ಸಾಲಿನ ಹಿಂದಿನಿಂದ ಅವಳ ಬಳಿಗೆ ನಡೆದೆ. ಅವಳ ಕೈ ಬೀಜ ಬಡಿಯುತ್ತಿತ್ತು, ತುಟಿ ಅಲುಗುತ್ತಿತ್ತು. ಬಲಗಡೆ ಸಿಪ್ಪೆಯ ಡಬ್ಬದ ಕೆಳಗೆ ಕಾಗದದ ಒಂದು ಕಟ್ಟು, ಅದರ ಮೇಲಿನ ಹಾಳೆ ನೀಲಿ ಅಕ್ಷರದ್ದು. ನನ್ನದೇ ಮಾತು. ಕಾರ್ಬನ್ ಬೇಡವೆಂದು ನಾನು ಹೇಳಿದ ಮೇಲೆ ಬೇರೆ ಹಾಳೆ ಸೇರದೆ ಕಟ್ಟು ಅಲ್ಲಿಗೇ ನಿಂತಿತ್ತು. 'ಇವರಲ್ಲಿ ಒಬ್ಬರನ್ನು ತೆಗೆದರೂ' ಎನ್ನುವಲ್ಲಿ ಅಕ್ಷರ ಮುಗಿದು, ಅಲ್ಲಿಂದ ಒಂದು ನೀಲಿ ಗೆರೆ ಹಾಳೆಯ ಅಂಚಿನವರೆಗೆ ಸೊಟ್ಟಗೆ ಎಳೆದುಕೊಂಡು ಹೋಗಿತ್ತು. ಅದು ನಾನು ಪುಸ್ತಕ ಎಳೆದಾಗ ಬಿದ್ದ ಗೆರೆ. ಅವಳು ಅಷ್ಟನ್ನೇ ಬಾಯಿಪಾಠ ಮಾಡುತ್ತಿದ್ದಳು. ವಾಕ್ಯ 'ತೆಗೆದರೂ' ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ನೋಟ್ಸು ಬೇಕು ಎನ್ನುವವರೆಲ್ಲ ಸೋಮಾರಿಗಳು ಎಂದು ಅದುವರೆಗೆ ನಾನು ಎಷ್ಟು ಸಲ ಹೇಳಿದ್ದೆನೋ. ಕೈಯಲ್ಲಿ ಪುಸ್ತಕ ಹಿಡಿಯಲಾಗದವಳು ಒಂದು ಹಾಳೆಯನ್ನು ಡಬ್ಬದ ಕೆಳಗಿಟ್ಟು ಓದುತ್ತಾಳೆ ಎಂದು ನನಗೆ ಯಾವ ವಿಶ್ವವಿದ್ಯಾಲಯವೂ ಕಲಿಸಿರಲಿಲ್ಲ, ನಾನೂ ಕೇಳಿರಲಿಲ್ಲ.

ಅವಳು ತಲೆಯೆತ್ತಿ ನನ್ನನ್ನು ಕಂಡಳು. ಎದ್ದು ನಿಲ್ಲಲಿಲ್ಲ, ನಮಸ್ಕಾರ ಹೇಳಲಿಲ್ಲ. "ಕಂಡ್ರ್ಯಾ ಮೇಡಂ? ಸುಳ್ಳಲ್ದಲೆ?" ಎಂದಷ್ಟೇ ಹೇಳಿ ಮುಂದಿನ ಬೀಜ ಎತ್ತಿಕೊಂಡಳು. ಪಕ್ಕದ ಹೆಂಗಸು, "ಹ್ವಾಯ್, ಅದ್ ಯಾರ್ ಮಾರಾಯ್ತಿ?" ಎಂದು ಕೇಳಿದಳು. "ನಮ್ ಕಾಲೇಜಿನರ್" ಎಂದಳು. ನಮ್ಮ ಮೇಡಂ ಎನ್ನಲಿಲ್ಲ.

ಮಧ್ಯಾಹ್ನವೇ ಕಾಲೇಜಿಗೆ ಬಂದು ಪ್ರಾಂಶುಪಾಲರ ಎದುರು ನಿಂತೆ. ಇಬ್ಬರ ಹಾಜರಿಯನ್ನೂ ಸರಿಪಡಿಸಬೇಕು ಎಂದೆ. ಅವರು ಕಪಾಟಿನಿಂದ ನನ್ನ ಪತ್ರ ತೆಗೆದು ಮೇಜಿನ ಮೇಲಿಟ್ಟರು. ಯಾರ ಹಾಜರಿಯನ್ನೂ ಯಾವ ಕಾರಣಕ್ಕೂ ಹೆಚ್ಚಿಸಬಾರದು. ಕೆಳಗೆ ನನ್ನ ಸಹಿ. "ನವೆಂಬರಿನಲ್ಲಿ ನಾನು ನಿಮಗೆ ಕೈಮುಗಿದು ಕೇಳಿದೆ, ಈಗ ಮಂಡಳಿಯವರಿಗೆ ಯಾವ ಮುಖದಿಂದ ಹೇಳಲಿ?" ಎಂದರು. ನಾನು ಎಷ್ಟು ವಾದಿಸಿದರೂ ಅವರು ಒಪ್ಪಲಿಲ್ಲ, ಒಪ್ಪದಂತೆ ಎಲ್ಲ ಬಾಗಿಲುಗಳನ್ನೂ ನಾನೇ ಮುಚ್ಚಿದ್ದೆ.

ಉಳಿದದ್ದು ಅಕ್ಕ ಹೇಳಿದ ದಾರಿ ಒಂದೇ. ಇಬ್ಬರೂ ನೋಡಲು ಒಂದೇ ರೀತಿ ಇರುವುದರಿಂದ ಒಬ್ಬಳು ಬಂದ ದಿನ ಇನ್ನೊಬ್ಬಳಿಗೆ ಹಾಜರಿ ಬಿದ್ದಿದೆ, ಅದು ನನ್ನ ತಪ್ಪು ಎಂದು ಬರೆದುಕೊಟ್ಟರೆ, ಹಾಜರಿ ಹೆಚ್ಚಿಸಿದಂತಾಗದೆ ತಿದ್ದಬಹುದು. ಆದರೆ ಒಂದು ದಿನವನ್ನು ಒಬ್ಬಳಿಗೆ ಮಾತ್ರ ಕೊಡಬಹುದು. ಎರಡು ದಿನ ಯೋಚಿಸಿದೆ. ಮೂರನೆಯ ದಿನ ಬರೆದುಕೊಟ್ಟೆ. ಎಷ್ಟೋ ತಿಂಗಳು ಅವರಿಬ್ಬರನ್ನು ಒಬ್ಬಳೆಂದೇ ನೋಡಿದ್ದು ನಿಜ, ಹಾಗಾಗಿ ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಮೂವತ್ತೊಂದರ ದಿನಗಳನ್ನೆಲ್ಲ ಮೂವತ್ತೆರಡರ ಸಾಲಿಗೆ ಏರಿಸಿದೆ. ತಂಗಿಯ ಸಾಲು ತುಂಬಿತು. ಅಕ್ಕನ ಸಾಲು ಈ ತುದಿಯಿಂದ ಆ ತುದಿಯವರೆಗೆ ಖಾಲಿಯಾಯಿತು, ಅವಳು ಒಂದು ದಿನವೂ ಕಾಲೇಜಿಗೆ ಬಂದವಳೇ ಅಲ್ಲ ಎನ್ನುವ ಹಾಗೆ.

ಪ್ರವೇಶ ಪತ್ರ ತೆಗೆದುಕೊಳ್ಳಲು ತಂಗಿ ಒಬ್ಬಳೇ ಬಂದಳು. ಸಹಿ ಮಾಡಿದಳು, ಪತ್ರ ಮಡಚಿದಳು, ಹೋದಳು. ಪಾಸಾದಳು, ಆಮೇಲೆ ಬೈಂದೂರು ಕಡೆಯ ಒಂದು ಶಾಲೆಯಲ್ಲಿ ಟೀಚರಾದಳು ಎಂದು ಕೇಳಿದೆ. ಒಮ್ಮೆ ಕೊಲ್ಲೂರಿನ ಬಸ್ಸಿನಲ್ಲಿ ಎದುರು ಬದುರು ಸಿಕ್ಕಿದಾಗ ಎದ್ದು ಹಿಂದಿನ ಸೀಟಿಗೆ ಹೋಗಿ ಕೂತಳು. ನಾನು ಮಾತಾಡಿಸಲು ಹೋಗಲಿಲ್ಲ, ಆ ಹಕ್ಕು ನನಗಿಲ್ಲ ಎಂದು ಗೊತ್ತಿತ್ತು. ಅಕ್ಕ ಫ್ಯಾಕ್ಟರಿಯಲ್ಲೇ ಉಳಿದಳು, ಈಗ ದಿನವೂ.

ನಾನು ಬದಲಾದೆನೇ ಎಂದರೆ, ಸ್ವಲ್ಪ. ಬಾಗಿಲು ಮುಚ್ಚುವುದನ್ನು ಬಿಟ್ಟೆ. ಜೂನ್ ತಿಂಗಳಲ್ಲಿ ಪಾಠ ಶುರು ಮಾಡುವ ಮೊದಲು ಪ್ರತಿಯೊಬ್ಬರನ್ನೂ ಕರೆದು, ಎಲ್ಲಿಂದ ಬರುತ್ತಿ, ಬೆಳಿಗ್ಗೆ ಎದ್ದು ಏನು ಮಾಡುತ್ತಿ, ಯಾವಾಗ ಓದುತ್ತಿ ಎಂದು ಕೇಳಲು ಶುರು ಮಾಡಿದೆ. ಕೇಳುವ ರೀತಿ ಈಗಲೂ ಪೊಲೀಸರದ್ದೇ ಎಂದು ಮಕ್ಕಳು ಬೈದುಕೊಳ್ಳುತ್ತಾರೆ. ಹಾಳೆಯ ಮೇಲೆ ಹತ್ತು ಗೆರೆ ಹಾಕಿ ತುಂಬಿಸುವವರನ್ನು ಕಂಡರೆ ನನಗಾಗದಿರುವುದು ಇದಕ್ಕೇ. ನಾನೂ ಆ ನವೆಂಬರಿನಲ್ಲಾಗಿದ್ದರೆ ಹತ್ತು ಗೆರೆಯನ್ನು ಥಟ್ಟನೆ ತುಂಬಿಸುತ್ತಿದ್ದೆ. ಶಿಸ್ತು ಎಂದು ಹತ್ತು ಸಲ ಬರೆಯುತ್ತಿದ್ದೆ.

ಅಕ್ಕ ಮತ್ತೆ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ, ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ. ಹೆದ್ದಾರಿ ಅಗಲ ಮಾಡುತ್ತಿದ್ದ ಕಾಲ, ಪೇಟೆಯೆಲ್ಲ ಕೆಂಪು ಧೂಳು. ಅಮ್ಮನಿಗೆ ಔಷಧ ತೆಗೆದುಕೊಂಡು ಹೋಗುತ್ತಿದ್ದಳು. ಅವಳೇ ನನ್ನ ಹತ್ತಿರ ಬಂದು ನಿಂತಳು. ನನಗೆ ಏನು ಹೇಳಬೇಕೆಂದು ತಿಳಿಯದೆ, ಈಗ ಕಾಲೇಜಿಗೆ ಬಾರದೆಯೂ ಪರೀಕ್ಷೆ ಕಟ್ಟಬಹುದು, ಅರ್ಜಿ ನಾನು ತುಂಬಿಸುತ್ತೇನೆ, ನೋಟ್ಸು ನಾನೇ ಬರೆದು ತಂದುಕೊಡುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದೆ.

ಅವಳು ಪೂರ್ತಿ ಕೇಳಿದಳು.

"ಅದೆಲ್ಲ ಬ್ಯಾಡ ಮೇಡಂ. ಒಂದ್ ಕೇಂತೆ, ಹೇಳ್ತ್ರ್ಯಾ?"

"ಕೇಳು."

"ಒಬ್ಬರನ್ನು ತೆಗೆದರೂ, ಅಂದೇಳಿ ಒಂದ್ ಪಾಠ ಅರ್ಧಕ್ಕೆ ನಿಂತಿತ್ತ್. ತಂಗಿ ಹತ್ರ ಕೇಂಡೆ, ಅವ್ಳಿಗೂ ಗೊತ್ತಿಲ್ಲೆ, ನೀವ್ ಹೊ‌ರ್ಗ್ ಹಾಕಿದ್ರಿ. ಬೀಜ ಒಡಿಯುವಾಗ ಈಗ್ಲೂ ಅದ್ ಬಾಯಿಗ್ ಬತ್ತ್. ಮುಂದೆಂತ ಮೇಡಂ?"

ಹದಿನೈದು ವರ್ಷ, ಆ ಒಂದು ತರಗತಿ ಬಿಟ್ಟು, ಪ್ರತಿ ತರಗತಿಗೂ ಕಣ್ಣುಮುಚ್ಚಿ ಬರೆಸಿದ ವಾಕ್ಯ. ಅಂದು ಅವಳ ಮುಖ ನೋಡುತ್ತಾ ಸುಳ್ಳು ಹೇಳಿಬಿಡೋಣ ಎನಿಸಿತು. ಆದರೆ ಅವಳಿಗೆ ಕೊಡಬೇಕಾದ ಇನ್ನೊಂದನ್ನೂ ತಪ್ಪಿಸಲು ನನಗೆ ಧೈರ್ಯವಾಗಲಿಲ್ಲ.

"ಇವರಲ್ಲಿ ಒಬ್ಬರನ್ನು ತೆಗೆದರೂ ಒಟ್ಟು ಉತ್ಪಾದನೆಯಲ್ಲಿ ಏನೂ ನಷ್ಟವಾಗುವುದಿಲ್ಲ" ಎಂದೆ.

ಬೈಂದೂರಿನ ಬಸ್ಸು ಬಂದು ನಿಂತಿತು. ಅವಳು ಔಷಧದ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು. ಬೆರಳುಗಳು ಈಗ ಬುಡದವರೆಗೂ ಕಪ್ಪಾಗಿದ್ದವು.

"ಅದ್ ತಪ್ಪ್ ಮೇಡಂ" ಎಂದಳು. "ಮಕ್ಳಿಗೆ ಹಾಂಗ್ ಬರಸ್ಬೇಡಿ."

ಕಂಡಕ್ಟರು ಸೀಟಿ ಊದಿದರು. ಅವಳು ಹತ್ತಿ ಹೋದಳು, ತಿರುಗಿ ನೋಡಲಿಲ್ಲ. ನಾನು ಅಲ್ಲೇ ನಿಂತಿದ್ದೆ, ಬ್ರಹ್ಮಾವರದ ಬಸ್ಸು ಬಂದು ನನ್ನ ಎದುರೇ ನಿಂತು ಹೊರಟುಹೋಯಿತು.